ಪೀಪಾಯಿಯ ಪರಂಪರೆ ಯಾರದು?

ಅಮೇರಿಕೆಯಿಂದ ಬರುವ ಒಂದು ಬಗೆಯ ವಿಸ್ಕಿಗೆ ಈಗ ನಮ್ಮ ದೊಡ್ಡ ಪಟ್ಟಣಗಳಲ್ಲಿ ಭಾರಿ ಮರ್ಯಾದೆ. ಅದರ ಹೆಸರು ‘ಸಿಂಗಲ್ ಬ್ಯಾರೆಲ್’. ಅಂದರೆ ಒಂದೇ ಪೀಪಾಯಿಯದು. ಹತ್ತಾರು, ನೂರಾರು ಪೀಪಾಯಿಗಳ ಮಾಲನ್ನು ಬೆರೆಸದೆ, ಆರಿಸಿದ ಒಂದೇ ಪೀಪಾಯಿಯಿಂದ ಬಾಟಲಿ ತುಂಬಿ, ಆ ಪೀಪಾಯಿಯ ನಂಬರನ್ನು ಚೀಟಿಯ ಮೇಲೆ ಬರೆದು ಮಾರುತ್ತಾರೆ. ಬಾಟಲಿಯ ಕೂಡ ಒಂದು ಕಥೆಯನ್ನೂ ಮಾರುತ್ತಾರೆ: ಇನ್ನೂರು ವರ್ಷಗಳ ಪರಂಪರೆ, ಅಜ್ಜ ಮುತ್ತಜ್ಜರ ಕೈಗುಣ, ಸುಣ್ಣಕಲ್ಲಿನ ನೆಲದ ತಿಳಿನೀರು, ಓಕ್ ಮರದ ಸುವಾಸನೆ! ಕುಡಿಯುವವನು ಸೆರೆ ಕುಡಿಯುತ್ತಿಲ್ಲ, ಇತಿಹಾಸವನ್ನೇ ಗುಟುಕರಿಸುತ್ತಿದ್ದಾನೆಂದು ಅವನಿಗೆ ಅನಿಸಬೇಕು. ಅದಕ್ಕೇ ಅಷ್ಟು ದುಡ್ಡು.

“ಆ ಬಾಟಲಿ ವಡಗಾವಿಯ ಓಣಿಗೆ ಬರುವುದಿಲ್ಲ. ಅದರ ಗೊಡವೆ ಮಗ್ಗದವರಿಗೇಕೆ?” ಎಂದು ವಾಚಕರು ಕೇಳಬಹುದು. ಗೊಡವೆ ಇದೆ. ಆ ಬಾಟಲಿಗೆ ದಿಲ್ಲಿಯ ಬಾಗಿಲು ಹೇಗೆ ತೆರೆಯಿತು, ನಮ್ಮ ನೂಲಿಗೆ ಅದೇ ಬಾಗಿಲು ಎಷ್ಟು ತಡವಾಗಿ ತೆರೆಯಿತು ಎಂಬುದನ್ನು ಒಂದರ ಪಕ್ಕಕ್ಕೆ ಒಂದಿಟ್ಟು ನೋಡಿದರೆ, ಸರಕಾರ ಯಾರ ಮಾತಿಗೆ ಬೇಗ ಕಿವಿಗೊಡುತ್ತದೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಸುಂಕದ ಲೆಕ್ಕ

2025ರ ಫೆಬ್ರುವರಿಯಲ್ಲಿ ನಮ್ಮ ಪ್ರಧಾನಮಂತ್ರಿಗಳು ಅಮೇರಿಕೆಯ ಅಧ್ಯಕ್ಷರನ್ನು ಕಾಣಲು ಹೋದ ಹೊತ್ತಿಗೇ ಒಂದು ಆಜ್ಞೆ ಹೊರಬಿತ್ತು. ಅಮೇರಿಕೆಯ ಬರ್ಬನ್ ವಿಸ್ಕಿಯ ಮೇಲಿನ ಆಮದು ಸುಂಕ ಶೇಕಡಾ 150 ಇದ್ದದ್ದು ಶೇಕಡಾ 100ಕ್ಕೆ ಇಳಿಯಿತು. ಸಾಲೆಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಬಂದರಿಗೆ ಬಂದಾಗ ನೂರು ರೂಪಾಯಿ ಬೆಲೆಯಿದ್ದ ಮಾಲು ಮೊದಲು ಸುಂಕ ಕೂಡಿ 250 ಆಗುತ್ತಿತ್ತು. ಈ ಆಜ್ಞೆಯಿಂದ 200 ಆಯಿತು. ಪ್ರತಿ ನೂರಕ್ಕೆ ಐವತ್ತು ರೂಪಾಯಿಯ ಸೋಡಿ! ಅದೇ ವರ್ಷದ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಕೂಡ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚ್ ವಿಸ್ಕಿಯ ಸುಂಕವನ್ನು 150ರಿಂದ 75ಕ್ಕೂ, ಹತ್ತು ವರ್ಷಗಳಲ್ಲಿ 40ಕ್ಕೂ ಇಳಿಸುವ ಕರಾರಾಯಿತು.

ಇನ್ನು ನೂಲಿನ ಲೆಕ್ಕ. ಪಾಲಿಯೆಸ್ಟರ್ ಮೊದಲಾದ ಕೃತಕ ನೂಲಿಗೆ 2017ರ ಕೊನೆಯ ತಿಂಗಳುಗಳಿಂದ ಜಿ.ಎಸ್.ಟಿ. ಶೇಕಡಾ 12 ಇತ್ತು. ಆ ನೂಲಿನಿಂದ ನೇಯ್ದ ಅರಿವೆಗೆ ಶೇಕಡಾ 5. ನೂಲಿಗೆ ಹೆಚ್ಚು, ಅರಿವೆಗೆ ಕಡಿಮೆ. ಇದು ತಿರುವು ಮುರುವು ಎಂದು ದೇಶದ ನೇಕಾರರೆಲ್ಲ ಮೊರೆಯಿಟ್ಟರು. ಶೇಕಡಾ 12 ಇದ್ದದ್ದು 5 ಆದದ್ದು 2025ರ ಸೆಪ್ಟೆಂಬರ 22ರಂದು. ಸುಮಾರು ಎಂಟು ವರ್ಷಗಳ ತರುವಾಯ. ವಿಸ್ಕಿಯ ವ್ಯಾಪಾರಿಗಳಿಗೆ ಒಂದು ವಿಮಾನ ಪ್ರವಾಸ ಸಾಕಾಯಿತು. ಸೀರೆ ನೇಯುವವರಿಗೆ ಎಂಟು ವರ್ಷ ಬೇಕಾಯಿತು. ವಡಗಾವಿ, ಖಾಸಬಾಗ, ಶಹಾಪುರಗಳಲ್ಲಿ ಆ ಎಂಟು ವರ್ಷಗಳಲ್ಲಿ ಮಗ್ಗ ಮಾರಿದವರೆಷ್ಟು, ಸಾಲಕ್ಕೆ ಬಿದ್ದವರೆಷ್ಟು ಎಂದು ನಾವು ಇಲ್ಲಿ ಬರೆಯಬೇಕಾಗಿಲ್ಲ. ಓದುವವರೇ ತಮ್ಮ ಓಣಿಯಲ್ಲಿ ಎಣಿಸಿಕೊಳ್ಳಲಿ.

ಪರಂಪರೆಯ ಒಳಗೆ ಏನಿದೆ?

ಈ ಮಾಲನ್ನು ಹೇಗೆ ಮಾಡುತ್ತಾರೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಬರ್ಬನ್ ಎನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇಕಡಾ 51 ಪಾಲು ಗೋವಿನಜೋಳ ಇರಬೇಕು. ಉಳಿದದ್ದು ರೈ, ಗೋದಿ, ಜವೆಗೋದಿಯ ಮೊಳಕೆ. ಅದನ್ನು ಕುದಿಸಿ, ಹುಳಿಯೇರಿಸಿ, ಭಟ್ಟಿಯಿಳಿಸಿ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ತುಂಬಿ ಉಗ್ರಾಣದಲ್ಲಿಡುತ್ತಾರೆ. ಪೀಪಾಯಿಗೆ ಸುಮಾರು 200 ಲೀಟರು ಹಿಡಿಯುತ್ತದೆ. ಬೇಸಗೆಯಲ್ಲಿ ಮಾಲು ಕಟ್ಟಿಗೆಯೊಳಗೆ ಹೊಗುತ್ತದೆ, ಚಳಿಯಲ್ಲಿ ಹೊರಬರುತ್ತದೆ. ಬಣ್ಣ, ವಾಸನೆ ಬರುವುದು ಹೀಗೆ. ವರ್ಷವರ್ಷವೂ ಒಂದಿಷ್ಟು ಆರಿ ಹೋಗುತ್ತದೆ. ಉಗ್ರಾಣದ ಮೇಲಿನ ಮಾಳಿಗೆಯ ಪೀಪಾಯಿಗೂ ಕೆಳಗಿನದಕ್ಕೂ ರುಚಿ ಬೇರೆ. ಒಂದೊಂದರಿಂದ ಇನ್ನೂರು ಇನ್ನೂರೈವತ್ತು ಬಾಟಲಿ ಹೊರಟರೆ ಹೆಚ್ಚು. ಇದರಲ್ಲಿ ಕಸುಬಿದೆ, ತಾಳ್ಮೆಯಿದೆ. ಕಸುಬಿನ ಮೇಲೆ ನಮ್ಮದೇನೂ ಹಗೆಯಿಲ್ಲ. ಆದರೆ ಆ ಕಸುಬುದಾರ ಯಾರು? ಕಥೆಯಲ್ಲಿ ಅವನ ಹೆಸರು ಎಲ್ಲಿ?

ಟೆನೆಸೀ ಸಂಸ್ಥಾನದ ಲಿಂಚ್‌ಬರ್ಗ್ ಎಂಬ ಊರಿನ ಜ್ಯಾಕ್ ಡ್ಯಾನಿಯಲ್ಸ್ ವಿಸ್ಕಿಯ ಹೆಸರು ಜಗತ್ತಿಗೇ ಗೊತ್ತು. ಅದರ ಸಿಂಗಲ್ ಬ್ಯಾರೆಲ್ 1997ರಲ್ಲಿ ಪೇಟೆಗೆ ಬಂತು. ಜ್ಯಾಕ್ ಡ್ಯಾನಿಯಲ್ ಹುಡುಗನಾಗಿದ್ದಾಗ ಡ್ಯಾನ್ ಕಾಲ್ ಎಂಬ ಪಾದ್ರಿಯ ಹೊಲದಲ್ಲಿ ಕೆಲಸಕ್ಕಿದ್ದ. ಆ ಪಾದ್ರಿ ದೇವರ ವಾಕ್ಯವನ್ನೂ ಸಾರುತ್ತಿದ್ದ, ಭಟ್ಟಿಯನ್ನೂ ಇಟ್ಟಿದ್ದ. ಭಟ್ಟಿಯ ಕೆಲಸ ಮಾಡುತ್ತಿದ್ದವನು ನಿಯರೆಸ್ಟ್ ಗ್ರೀನ್ ಎಂಬ ಕರಿಯ ಗುಲಾಮ. ಭಟ್ಟಿಯಿಳಿಸುವ ವಿದ್ಯೆಯನ್ನು ಜ್ಯಾಕ್‌ಗೆ ಕಲಿಸಿದವನು ಅವನೇ. 1865ರಲ್ಲಿ ಗುಲಾಮಗಿರಿ ಕಾಯ್ದೆಯಿಂದ ರದ್ದಾದ ಮೇಲೆ ಅದೇ ಗ್ರೀನ್ ಜ್ಯಾಕ್‌ನ ಭಟ್ಟಿಯ ಮೊದಲ ಮುಖ್ಯ ಕಸುಬುದಾರನಾದ. ಬಾಟಲಿಯ ಮೇಲೆ ಶಿಷ್ಯನ ಹೆಸರು ಬಂತು. ಗುರುವಿನ ಹೆಸರನ್ನು ಕಂಪನಿ ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ. ನೂರೈವತ್ತು ವರ್ಷಗಳ ಕಾಲ ಮಾರಿದ ‘ಪರಂಪರೆ’ಯಲ್ಲಿ ಪರಂಪರೆಯ ಮೂಲಪುರುಷನೇ ಇರಲಿಲ್ಲ!

ಇನ್ನೊಂದು ಅಧ್ಯಾಯವನ್ನೂ ಅವರು ಹೇಳುವುದಿಲ್ಲ. 1791ರಲ್ಲಿ ಅಮೇರಿಕೆಯ ಹಣಕಾಸಿನ ಮಂತ್ರಿ ಹ್ಯಾಮಿಲ್ಟನ್ ವಿಸ್ಕಿಯ ಮೇಲೆ ಕರ ಹಾಕಿದ. ಪಶ್ಚಿಮ ಪೆನ್ಸಿಲ್ವೇನಿಯದ ರೈತರಿಗೆ ವಿಸ್ಕಿಯೆಂದರೆ ಮೋಜಲ್ಲ. ಗುಡ್ಡ ದಾಟಿಸಿ ಧಾನ್ಯ ಸಾಗಿಸಿದರೆ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಅದನ್ನೇ ಭಟ್ಟಿಯಿಳಿಸಿ ಕುದುರೆಯ ಮೇಲೆ ಹೇರಿದರೆ ನಾಲ್ಕು ಕಾಸು ಕೈಗೆ ಬರುತ್ತಿದ್ದವು. ಕರದ ರೀತಿ ಹೇಗಿತ್ತೆಂದರೆ, ದೊಡ್ಡ ಭಟ್ಟಿಯವನು ವರ್ಷಕ್ಕಿಷ್ಟು ಎಂದು ಗುತ್ತಾ ಕಟ್ಟಿ, ಹೆಚ್ಚು ಮಾಲು ತೆಗೆದಷ್ಟೂ ಗ್ಯಾಲನ್ನಿನ ಮೇಲಿನ ಕರವನ್ನು ತಗ್ಗಿಸಿಕೊಳ್ಳಬಹುದಾಗಿತ್ತು. ಸಣ್ಣ ರೈತ ಗ್ಯಾಲನ್ನಿನ ಲೆಕ್ಕದಲ್ಲಿ ಪೂರ್ತಿ ತೆರಬೇಕಾಗಿತ್ತು. ರೈತರು ತಿರುಗಿಬಿದ್ದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಸೈನಿಕರ ದಂಡು ಕಟ್ಟಿಕೊಂಡು ಹೊರಟು ಬಂಡಾಯವನ್ನು ಅಡಗಿಸಿದ. ಸಣ್ಣವನ ಭಟ್ಟಿ ಆರಿಸಿ ದೊಡ್ಡವನ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸ ಅಂದಿನಿಂದಲೂ ಸರಕಾರಗಳಿಗೆ ರೂಢಿ.

ಅಷ್ಟಕ್ಕೂ ಈ ‘ಒಂದೇ ಪೀಪಾಯಿ’ಯ ವ್ಯಾಪಾರ ಎಷ್ಟು ಹಳೆಯದು? ಕೆಂಟಕಿಯ ಫ್ರ್ಯಾಂಕ್‌ಫರ್ಟ್‌ ಎಂಬ ಊರಿನಲ್ಲಿ, ಇಂದು ಬಫಲೋ ಟ್ರೇಸ್ ಎಂದು ಕರೆಯುವ ಭಟ್ಟಿಯಲ್ಲಿ, ಎಲ್ಮರ್ ಲೀ ಎಂಬ ಕಸುಬುದಾರ ‘ಬ್ಲ್ಯಾಂಟನ್ಸ್’ ಎಂಬ ಹೆಸರಿನಲ್ಲಿ ಮೊದಲು ಹೊರತಂದದ್ದು 1984ರಲ್ಲಿ. ಆಗ ಅಮೇರಿಕೆಯಲ್ಲಿ ಬರ್ಬನ್ ಕುಡಿಯುವವರು ಇಳಿದು ಹೋಗಿದ್ದರು. ಹರೆಯದವರು ವೋಡ್ಕಾದ ಕಡೆ ತಿರುಗಿದ್ದರು. ಉಗ್ರಾಣದಲ್ಲಿ ಮಾಲು ಕೊಳೆಬಿದ್ದಿತ್ತು. ಹೆಚ್ಚು ಬೆಲೆಗೆ ಮಾರಲು ಒಂದು ಉಪಾಯ ಬೇಕಾಗಿತ್ತು. ಸತ್ತುಹೋದ ಹಿಂದಿನ ಮುಖ್ಯಸ್ಥ ಕರ್ನಲ್ ಬ್ಲ್ಯಾಂಟನ್ನನ ಹೆಸರಿಟ್ಟು, ಬಾಟಲಿಯ ಮುಚ್ಚಳಕ್ಕೆ ಓಡುವ ಕುದುರೆಯ ಗೊಂಬೆ ಕೂಡಿಸಿ ಮಾರಿದರು. ಇನ್ನೂರು ವರ್ಷದ ಪರಂಪರೆ ಎಂದು ಸಾರುವ ಸರಕು ನಮ್ಮ ಓಣಿಯ ನಡುವಯಸ್ಸಿನ ಹಲವು ನೇಕಾರರಿಗಿಂತ ಸಣ್ಣದು!

ಆ ಪರಂಪರೆಯ ಇಂದಿನ ಒಡೆಯರು ಯಾರು? ಬ್ಲ್ಯಾಂಟನ್ಸ್ ಎಂಬ ಹೆಸರಿನ ಹಕ್ಕು ಜಪಾನಿನ ತಕಾರಾ ಶುಜೋ ಕಂಪನಿಯ ಕೈಸೇರಿತು. ಜಿಮ್ ಬೀಮ್ 2014ರಲ್ಲಿ ಜಪಾನಿನ ಸಂಟೋರಿಗೆ ಹೋಯಿತು. ವೈಲ್ಡ್ ಟರ್ಕಿಯನ್ನು 2009ರಲ್ಲಿ ಇಟಲಿಯ ಕಂಪಾರಿ ಕೊಂಡಿತು. ಬರ್ಬನ್ ಅಮೇರಿಕೆಯದೇ ವಿಶಿಷ್ಟ ಮಾಲು ಎಂದು ಅಲ್ಲಿಯ ಕಾಂಗ್ರೆಸ್ಸು 1964ರಲ್ಲಿ ಠರಾವು ಮಾಡಿತು. ಅದರ ಒಡೆತನ ಮಾತ್ರ ಷೇರು ಪೇಟೆಯಲ್ಲಿ ದೇಶದಿಂದ ದೇಶಕ್ಕೆ ತಿರುಗುತ್ತದೆ. ಬಂಡವಳಕ್ಕೆ ಅಜ್ಜನೂ ಇಲ್ಲ, ಊರೂ ಇಲ್ಲ. ಮಾರಾಟಕ್ಕೆ ಬೇಕಾದಾಗ ಎರಡನ್ನೂ ಬಾಡಿಗೆಗೆ ತರುತ್ತದೆ.

ನಮ್ಮ ಸೀಮೆಯ ಭಟ್ಟಿ

ಇನ್ನು ನಮ್ಮ ಕಡೆಗೆ ಬರೋಣ. ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದಾಗ 1878ರ ಅಬಕಾರಿ ಕಾಯ್ದೆ ಬಂತು. ಹಳ್ಳಿಹಳ್ಳಿಯ ಸಣ್ಣ ಭಟ್ಟಿಗಳು ಅಪರಾಧವಾದವು. ಭಟ್ಟಿಯಿಳಿಸುವ ಹಕ್ಕು ಗುತ್ತಿಗೆದಾರರಿಗೂ, ಉತ್ಪನ್ನ ಬ್ರಿಟಿಷರ ಬೊಕ್ಕಸಕ್ಕೂ ಹೋಯಿತು. ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡಿ ಜನ ಜೇಲಿಗೆ ಹೋದದ್ದು ಬರಿಯ ನೀತಿಯ ಪ್ರಶ್ನೆಗಲ್ಲ. ಬಡವನ ದುರ್ವ್ಯಸನದಿಂದ ರಾಜ್ಯ ನಡೆಸಬಾರದೆಂಬ ಪ್ರಶ್ನೆಗೆ. ಸ್ವಾತಂತ್ರ್ಯ ಬಂದ ಮೇಲೆ 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂತು. ನಾವು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದೆ 1965ರ ಅಬಕಾರಿ ಕಾಯ್ದೆ ಬಂದು, ಸೆರೆ ಮತ್ತೆ ಬೊಕ್ಕಸದ ಬಾಬತ್ತಾಯಿತು. 2007ರ ಜುಲೈ 1ರಿಂದ ಸಾರಾಯಿ ಬಂದ್ ಎಂದು ಡಂಗುರ ಹೊಡೆದರು. ಸಾರಾಯಿಯ ಪಾಕೀಟು ಹೋಯಿತು. ಅದರ ಜಾಗಕ್ಕೆ ‘ವಿಸ್ಕಿ’ ಎಂಬ ಹೆಸರು ಹೊತ್ತ ಅಗ್ಗದ ಪಾಕೀಟು ಬಂತು. ಕುಡಿಯುವವನ ಗಂಟಲು ಅದೇ, ಹೆಂಡತಿಯ ಕಣ್ಣೀರು ಅದೇ. ಬಿಲ್ಲಿನ ಮೇಲಿನ ಹೆಸರು ಮಾತ್ರ ಬದಲಾಯಿತು.

ಈ ಅಗ್ಗದ ‘ವಿಸ್ಕಿ’ಯಲ್ಲಿ ಓಕ್ ಪೀಪಾಯಿಯೂ ಇಲ್ಲ, ಗೋವಿನಜೋಳವೂ ಇಲ್ಲ. ಬಹುಪಾಲು ಅದು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಬಣ್ಣ, ವಾಸನೆ ಕೂಡಿಸಿದ ಮಾಲು. ಕಾಕಂಬಿ ಎಲ್ಲಿಂದ? ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರಖಾನೆಗಳಿರುವ ನಮ್ಮದೇ ಜಿಲ್ಲೆ ಅದರ ದೊಡ್ಡ ತವರು. 1939ರಲ್ಲಿ ಹುಟ್ಟಿದ ಉಗಾರದ ಸಕ್ಕರೆ ಕಾರಖಾನೆ ಸಕ್ಕರೆಯ ಕೂಡ ಮದ್ಯಸಾರವನ್ನೂ ಮದ್ಯವನ್ನೂ ಮಾಡುತ್ತ ಬಂದಿದೆ. ಪರಂಪರೆ ಎನ್ನುವುದಾದರೆ ಇದೂ ಪರಂಪರೆಯೇ ಅಲ್ಲವೇ? ಆದರೆ ಈ ಪರಂಪರೆಯ ಕಬ್ಬು ಬೆಳೆದವನು 2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲುರಾತ್ರಿ ರಸ್ತೆಯ ಮೇಲೆ ಕೂಡಬೇಕಾಯಿತು. ಅವನು ಕೇಳಿದ್ದು ಟನ್ನಿಗೆ 3,500 ರೂಪಾಯಿ. ಸರಕಾರ ಒಪ್ಪಿಸಿದ್ದು 3,300. ಕಾಕಂಬಿ, ಮದ್ಯಸಾರ, ವಿದ್ಯುತ್ತು ಇವುಗಳ ಲಾಭದಲ್ಲಿ ಪಾಲು ಕೊಡಿರೆಂಬ ರೈತನ ಬೇಡಿಕೆ ಹಳೆಯದು. ಕಬ್ಬಿನ ಸಿಪ್ಪೆಯಿಂದಲೂ ದುಡ್ಡು ಹಿಂಡುವವರಿಗೆ ಆ ಬೇಡಿಕೆ ಮಾತ್ರ ಕೇಳಿಸುವುದಿಲ್ಲ.

ಖಾನಾಪುರದ ಕಡೆ ಹೋಗಿ ನೋಡಿದರೆ ‘ಪರಂಪರೆ’ಯ ತಮಾಷೆ ಇನ್ನೂ ಸ್ಪಷ್ಟ. ಗಡಿಯಾಚೆ ಗೋವೆಯಲ್ಲಿ ಗೇರುಹಣ್ಣಿನ ರಸದಿಂದ ಇಳಿಸುವ ಫೆನಿಗೆ 2009ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ಸಿಕ್ಕಿತು. 2016ರಲ್ಲಿ ಅಲ್ಲಿಯ ಸರಕಾರ ಅದನ್ನು ಪರಂಪರೆಯ ಪೇಯವೆಂದು ಸಾರಿತು. ಕಣಕುಂಬಿಯ ಈಚೆ ಅದೇ ಗೇರುಹಣ್ಣನ್ನು ಯಾವನಾದರೂ ಬಡವ ಮಡಕೆಗೆ ಹಾಕಿ ಒಲೆ ಹಚ್ಚಿದರೆ ಅವನು ಆರೋಪಿ. ಗುಡ್ಡ ಒಂದೇ, ಹಣ್ಣು ಒಂದೇ, ಬೆಂಕಿ ಒಂದೇ. ನಾಕಾದ ಆಚೆ ಪರಂಪರೆ, ಈಚೆ ಪಂಚನಾಮೆ. ನಾವು ಕಳ್ಳಭಟ್ಟಿಯ ಪರ ವಾದಿಸುತ್ತಿಲ್ಲ. ವಿಷವಾದ ಭಟ್ಟಿಯಿಂದ ಸತ್ತವರೆಲ್ಲ ಬಡವರೇ ಎಂಬುದು ನಮಗೆ ಗೊತ್ತು. ಯಾವುದು ಪರಂಪರೆ, ಯಾವುದು ಅಪರಾಧ ಎಂಬುದನ್ನು ಮಡಕೆಯೊಳಗಿನ ಮಾಲು ನಿರ್ಣಯಿಸುವುದಿಲ್ಲ, ಲೈಸೆನ್ಸು ಹಿಡಿದ ಕೈ ನಿರ್ಣಯಿಸುತ್ತದೆ ಎಂಬುದಷ್ಟನ್ನೇ ತೋರಿಸುತ್ತಿದ್ದೇವೆ.

ಒಂದೇ ಗಲ್ಲೆ

“ಶ್ರೀಮಂತನ ವಿಸ್ಕಿ ಬೇರೆ, ಬಡವನ ಪಾಕೀಟು ಬೇರೆ, ಎರಡನ್ನೂ ಗಂಟು ಹಾಕಬೇಡಿ” ಎನ್ನುವವರಿದ್ದಾರೆ. ಗಂಟು ಹಾಕಿದವರು ನಾವಲ್ಲ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕಂಪನಿ ‘ಒರಿಜಿನಲ್ ಚಾಯ್ಸ್’ ಎಂಬ ಅಗ್ಗದ ವಿಸ್ಕಿಯನ್ನು ನಮ್ಮ ರಾಜ್ಯದಲ್ಲಿ ಭಾರಿ ಪ್ರಮಾಣದಲ್ಲಿ ಮಾರಿ ಬೆಳೆಯಿತು. ಅದೇ ಕಂಪನಿ ಗೋವೆಯ ಕುಂಕಳ್ಳಿಯಲ್ಲಿ ಭಟ್ಟಿ ಹಾಕಿ, ‘ಪಾಲ್ ಜಾನ್’ ಎಂಬ ಹೆಸರಿನ ದುಬಾರಿ ವಿಸ್ಕಿಯನ್ನು 2012ರಲ್ಲಿ ಲಂಡನ್ನಿನಲ್ಲಿ ಬಿಡುಗಡೆ ಮಾಡಿತು. ಮೊದಲು ಬಿಟ್ಟದ್ದೂ ಒಂದೇ ಪೀಪಾಯಿಯ ಮಾಲನ್ನೇ. ಬ್ಲ್ಯಾಂಟನ್ಸ್ ತಯಾರಾಗುವ ಬಫಲೋ ಟ್ರೇಸ್ ಭಟ್ಟಿಯ ಒಡೆಯರಾದ ಅಮೇರಿಕೆಯ ಸಜರಾಕ್ ಕಂಪನಿ ತರುವಾಯ ಇದೇ ಜಾನ್ ಡಿಸ್ಟಿಲರೀಸಿನಲ್ಲಿ ಪಾಲು ಕೊಂಡಿತು. ಹೀಗಿರುವಾಗ ವಾರದ ಪಗಾರದ ದಿನ ಮಗ್ಗದವನು ಮುರಿಯುವ ಒಂದು ಕ್ವಾರ್ಟರಿನ ಲಾಭವೂ, ಲಂಡನ್ನಿನ ಸಾಹೇಬ ಸವಿಯುವ ಒಂದು ಪೆಗ್ಗಿನ ಲಾಭವೂ ಒಂದೇ ಗಲ್ಲೆಗೆ ಬೀಳುವುದು ಸಾಧ್ಯವಾಯಿತು. ಕಾಯ್ದೆಯ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಎರಡಕ್ಕೂ ಸಂಬಂಧವಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ರಾಜ್ಯ ಸರಕಾರದ ನಡೆಯನ್ನೂ ನೋಡಿರಿ. 2024ರ ಆಗಸ್ಟಿನಲ್ಲಿ ನೆರೆಯ ರಾಜ್ಯಗಳಿಗೆ ಸರಿಗಟ್ಟಬೇಕೆಂದು ದುಬಾರಿ ಮದ್ಯದ ಸುಂಕವನ್ನು ಇಳಿಸಿದರು. 2025ರ ಮೇ ತಿಂಗಳಲ್ಲಿ ಅಗ್ಗದ ಮದ್ಯದ ಸುಂಕವನ್ನು ಏರಿಸಿದರು. ದಿಲ್ಲಿಯವರೂ ಬೆಂಗಳೂರಿನವರೂ ಬೇರೆ ಬೇರೆ ಪಕ್ಷದವರು. ದಿನ ಬೆಳಗಾದರೆ ಜಗಳಾಡುವವರು. ಆದರೆ ಶ್ರೀಮಂತನ ಬಾಟಲಿ ಅಗ್ಗವಾಗಬೇಕೆಂಬಲ್ಲಿ ಇಬ್ಬರದೂ ಒಂದೇ ರಾಗ. 2025-26ನೆಯ ಸಾಲಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತಬೇಕೆಂದು ರಾಜ್ಯದ ಬಜೆಟ್ಟು ಗುರಿಯಿಟ್ಟಿತು. ಅಧಿಕಾರಿಗೆ ಹೀಗೆ ಗುರಿ ಕೊಟ್ಟ ಮೇಲೆ, ಪಾನ ಬಿಡಿರೆಂದು ಗೋಡೆಯ ಮೇಲೆ ಬರೆಸಿದ ಬರಹಕ್ಕೆ ಏನರ್ಥ?

“ಬೆಲೆ ಏರಿದರೆ ಬಡವ ಕುಡಿಯುವುದು ಕಡಿಮೆಯಾಗುತ್ತದಲ್ಲ, ಅದಕ್ಕೂ ನಿಮ್ಮ ವಿರೋಧವೇ?” ಎಂದು ಕೇಳುವ ಪಂಡಿತರಿಗೆ ನಮ್ಮ ಉತ್ತರವಿಷ್ಟೇ: ಕುಡಿತ ತಗ್ಗಿಸುವುದೇ ಉದ್ದೇಶವಾದರೆ ಎರಡೂ ಬಾಟಲಿಗಳ ಬೆಲೆ ಏರಬೇಕಾಗಿತ್ತು. ಮಿತ ಪ್ರಮಾಣದ್ದೂ ಸೇರಿ ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಶ್ರೀಮಂತನ ಯಕೃತ್ತಿಗೆ ವಿನಾಯಿತಿ ಕೊಡಲಿಲ್ಲ. ಏರಿಸಿದ ಸುಂಕದ ದುಡ್ಡಿನಿಂದ ಕುಡಿತ ಬಿಡಿಸುವ ಒಂದು ದವಾಖಾನೆಯನ್ನು ಮಗ್ಗದ ಓಣಿಗೆ ಕೊಡುವೆವೆಂದು ಯಾವ ಮಂತ್ರಿಯೂ ಹೇಳಲಿಲ್ಲ. ಚಟಕ್ಕೆ ಸಿಕ್ಕವನು ಬೆಲೆ ಏರಿದರೆ ಸೆರೆ ಬಿಡುವುದಕ್ಕಿಂತ ಮೊದಲು ಮನೆಯ ಹಾಲು ಬಿಡಿಸುತ್ತಾನೆ, ಮಗುವಿನ ಸಾಲೆಯ ಫೀ ಬಿಡಿಸುತ್ತಾನೆ. ಕಂಡಿಕೆ ಸುತ್ತಿ ನಾಲ್ಕು ರೂಪಾಯಿ ಗಳಿಸುವ ತಾಯಂದಿರಿಗೆ ಇದು ಹೊಸ ಸಂಗತಿಯಲ್ಲ. 2020ರ ಮೇ 4ರಂದು, ಮಹಾಮಾರಿಯ ಬಂದೋಬಸ್ತಿನಲ್ಲಿ ಅರಿವೆ ಪೇಟೆ ಮುಚ್ಚಿ ಮಗ್ಗಗಳ ಸದ್ದು ಅಡಗಿದ್ದ ಹೊತ್ತಿನಲ್ಲಿ, ರಾಜ್ಯದಲ್ಲೆಲ್ಲ ಸೆರೆಯಂಗಡಿಯ ಬಾಗಿಲು ತೆರೆದವು. ಆ ದಿನ ಸರಕಾರಕ್ಕೆ ಅತ್ಯಗತ್ಯವೆನಿಸಿದ್ದು ಏನೆಂಬುದನ್ನು ಆ ತಾಯಂದಿರು ಮರೆತಿಲ್ಲ.

ಪೀಪಾಯಿಯ ನಂಬರು, ಮಗ್ಗದ ನಂಬರು

ಕಸುಬಿಗೆ ಮರ್ಯಾದೆ ಬೇಕೆಂದು ವಿಸ್ಕಿಯ ಭಕ್ತರು ಹೇಳುತ್ತಾರೆ. ಒಪ್ಪಿದೆವು. ಒಂದು ಪೀಪಾಯಿಗೆ ನಂಬರಿದೆ, ಅದನ್ನಿಟ್ಟ ಉಗ್ರಾಣಕ್ಕೆ ಹೆಸರಿದೆ, ಅದನ್ನು ಬಾಟಲಿಗೆ ತುಂಬಿದ ತಾರೀಖಿದೆ. ನಮ್ಮ ವಡಗಾವಿಯಲ್ಲಿ ನೇಯ್ದ ಸೀರೆಯ ಮೇಲೆ ಏನಿದೆ? ನೇಯ್ದವನ ಹೆಸರಿಲ್ಲ, ಮಗ್ಗದ ನಂಬರಿಲ್ಲ. ಮಾರುವ ಅಂಗಡಿಯ ಚೀಟಿಯಿದೆ. ಮದುವೆಯ ಸೀರೆಯ ಸೆರಗು ಹೊದ್ದವಳಿಗೆ ಅದನ್ನು ಯಾವ ಕೈ ನೇಯಿತೆಂದು ಎಂದೂ ತಿಳಿಯುವುದಿಲ್ಲ. ಕೆಂಟಕಿಯ ಪೀಪಾಯಿಯ ಪರಂಪರೆಗೆ ಐವತ್ತು ರೂಪಾಯಿ ಸೋಡಿ ಕೊಡಬಲ್ಲ ಸರಕಾರಕ್ಕೆ, ಮನುಷ್ಯನ ಮಾನ ಮುಚ್ಚುವ ಕಸುಬಿನ ಪರಂಪರೆ ಕಾಣಿಸುವುದಿಲ್ಲವೇ?

ಲಿಂಚ್‌ಬರ್ಗಿನ ಒಂದು ಸಂಗತಿ ಹೇಳಿ ನಮ್ಮ ಬೇಡಿಕೆಗೆ ಬರುತ್ತೇವೆ. ಜಗತ್ತಿಗೆಲ್ಲ ವಿಸ್ಕಿ ಹಂಚುವ ಆ ಊರಿರುವ ಮೂರ್ ಕೌಂಟಿ ಬಹುಕಾಲದಿಂದ ಮದ್ಯ ಮಾರಾಟಕ್ಕೆ ಪರವಾನಿಗೆಯಿಲ್ಲದ ‘ಒಣ’ ಕೌಂಟಿಯೆಂದೇ ಹೆಸರಾದದ್ದು. ಕಾರಖಾನೆಯೊಳಗೆ ನೆನಪಿನ ಬಾಟಲಿ ಮಾರಲು ಕೂಡ ವಿಶೇಷ ವಿನಾಯಿತಿ ಬೇಕಾಯಿತು. ಅಲ್ಲಿಯ ಕಾಯ್ದೆಯಲ್ಲಿ ಊರಿನವರಿಗೆ ಮತ ಕೊಟ್ಟು ಹೌದು ಅಲ್ಲ ಎನ್ನುವ ಹಕ್ಕಿದೆ. ಅಮೇರಿಕೆಯಿಂದ ವಿಸ್ಕಿ ತರುವವರು ಆ ಹಕ್ಕನ್ನೂ ತರಬಾರದೇಕೆ? ನಮ್ಮ ರಾಜ್ಯದ ಸಾವಿರಾರು ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋಗಿ ಕುಡಿತದ ವಿರುದ್ಧ ಮೊರೆಯಿಟ್ಟರು. ಅವರ ಕಾಲಿಗೆ ಬೊಬ್ಬೆ ಬಂತು, ಕಾಯ್ದೆ ಬರಲಿಲ್ಲ. ರಾಜ್ಯಾಂಗದ 47ನೆಯ ಕಲಮು ಮಾದಕ ಪಾನೀಯಗಳನ್ನು ತಡೆಯುವ ಯತ್ನ ಮಾಡೆಂದು ಸರಕಾರಕ್ಕೆ ಹೇಳಿ ಎಪ್ಪತ್ತೈದು ವರ್ಷ ದಾಟಿದವು.

ನಾವು ಕೇಳುವುದು ಇಷ್ಟು. ಒಂದು, ಯಾವ ಓಣಿಯಲ್ಲಿ, ಯಾವ ಹಳ್ಳಿಯಲ್ಲಿ ಸೆರೆಯಂಗಡಿ ಇರಬೇಕು, ಇರಬಾರದು ಎಂಬುದನ್ನು ಅಲ್ಲಿಯ ಸಭೆ ನಿರ್ಣಯಿಸಲಿ. ಆ ಸಭೆಯಲ್ಲಿ ಹೆಣ್ಣುಮಕ್ಕಳ ಮಾತಿಗೆ ಬೆಲೆಯಿರಲಿ. ಎರಡು, ಸುಂಕ ಇಳಿಸುವುದಿದ್ದರೆ ನೂಲಿನದು, ಬಣ್ಣದ್ದು, ಮಗ್ಗದ ಸಾಮಾನಿನದು ಮೊದಲು ಇಳಿಯಲಿ. ದುಬಾರಿ ಬಾಟಲಿಗೆ ಕೊಟ್ಟ ಸೋಡಿ ಹಿಂದಕ್ಕೆ ಹೋಗಲಿ. ಮೂರು, ಅಬಕಾರಿ ಉತ್ಪನ್ನದ ಒಂದು ನಿಶ್ಚಿತ ಪಾಲು ಕುಡಿತ ಬಿಡಿಸುವ ದವಾಖಾನೆಗಳಿಗೂ, ಕುಡಿತದಿಂದ ಮನೆಯ ಗಂಡಸನ್ನು ಕಳೆದುಕೊಂಡ ಸಂಸಾರಗಳಿಗೂ ಕಾಯ್ದೆಯಿಂದಲೇ ಮೀಸಲಾಗಲಿ. ನಾಲ್ಕು, ಕಾಕಂಬಿ ಮತ್ತು ಮದ್ಯಸಾರದ ಲಾಭದಲ್ಲಿ ಕಬ್ಬು ಬೆಳೆದವನ ಪಾಲು ಬರಹದಲ್ಲಿರಲಿ.

ವಡಗಾವಿಯ, ಖಾನಾಪುರದ ಬಂಧುಗಳೇ, ಈ ನಾಲ್ಕು ಮಾತುಗಳನ್ನು ಒಂದು ಅರ್ಜಿಯಾಗಿ ಬರೆದು ಓಣಿ ಓಣಿಗೆ ಒಯ್ಯಲು ನಾವು ಹೊರಟಿದ್ದೇವೆ. ಸಹಿ ಬರದವರು ಹೆಬ್ಬೆಟ್ಟು ಒತ್ತಲಿ. ಮಂಗಾಯಿದೇವಿಯ ಜಾತ್ರೆಗೆ ವರ್ಗಣಿ ಕೂಡಿಸುವಾಗ ಯಾವ ಮನೆಯನ್ನೂ ಬಿಡುವುದಿಲ್ಲವಲ್ಲ, ಇದಕ್ಕೂ ಯಾವ ಮನೆಯನ್ನೂ ಬಿಡಬೇಡಿರಿ. ಮೊದಲ ಸಹಿಯನ್ನು ಆ ಮನೆಯ ತಾಯಿಯಿಂದಲೇ ಮಾಡಿಸಿರಿ.